ಯೂರಿಯಾ ಹಾಕಿದರೆ ಮಣ್ಣಿನ ಜೀವ ಸಾಯುತ್ತದೆಯೇ?

ಮುಂಗಾರು ಹತ್ತಿರವಾದಂತೆ ಈ ಅಂಕಣಕ್ಕೆ ಬರುವ ಪತ್ರಗಳೆಲ್ಲ ಗೊಬ್ಬರದ ಸುತ್ತಲೇ ಇರುತ್ತವೆ. ಈ ಸಲ ಮಣ್ಣಿನೊಳಗಿನ ಅಣುಜೀವಿಗಳ ಬಗ್ಗೆ ಕೇಳಿದವರೇ ಹೆಚ್ಚು. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಈ ತಿಂಗಳು ಅದೊಂದೇ ವಿಷಯಕ್ಕೆ ಕೂತಿದ್ದೇನೆ. ಮಣ್ಣು ಪರೀಕ್ಷೆಯ ಕೆಲಸದಲ್ಲೇ ವಯಸ್ಸು ಕಳೆದವಳು ನಾನು. ಈಗ ಆಲೂರು ಕಡೆ ನಮ್ಮ ಚಿಕ್ಕ ತೋಟ ನೋಡಿಕೊಂಡಿದ್ದೇನೆ. ಇಷ್ಟು ಜನ ಮಣ್ಣಿನ ಜೀವದ ಬಗ್ಗೆ ಯೋಚಿಸುತ್ತಿದ್ದಾರೆ ಎಂಬುದೇ ನನಗೆ ದೊಡ್ಡ ಸಂತೋಷ.

ಪ್ರಶ್ನೆ: ಮೇಡಂ, ನಮ್ಮದು ಮೂರು ಎಕರೆ ಕೆಂಪು ಭೂಮಿ. ಮುಂಗಾರಿಗೆ ಆಲೂಗೆಡ್ಡೆ, ಕೆಲವು ವರ್ಷ ರಾಗಿ ಇಲ್ಲವೇ ಜೋಳ. ಯೂರಿಯಾ, ಡಿಎಪಿ ಹಾಕುವುದರಿಂದ ಮಣ್ಣಿನ ಸೂಕ್ಷ್ಮಜೀವಿಗಳೆಲ್ಲ ಸತ್ತು ಭೂಮಿ ಬರಡಾಗುತ್ತದೆ ಎಂದು ಮಗ ಜಗಳ ಮಾಡುತ್ತಾನೆ. ಗೊಬ್ಬರದ ಅಂಗಡಿಯವರು ಅದೆಲ್ಲ ಸುಳ್ಳು ಎನ್ನುತ್ತಾರೆ. ಯಾರ ಮಾತು ನಂಬಲಿ?
– ರೈತರೊಬ್ಬರು, ದುದ್ದ, ಹಾಸನ ತಾಲ್ಲೂಕು

ಅಣ್ಣ, ನಿಮ್ಮ ಮಗನ ಆತಂಕ ಸರಿಯಾಗಿಯೇ ಇದೆ. ಆದರೆ ಭೂಮಿ ಸೊರಗುವುದಕ್ಕೆ ಅವನು ಹೇಳುವ ಕಾರಣ ಸರಿಯಲ್ಲ. ಕಾರಣ ತಪ್ಪಾಗಿ ಹಿಡಿದರೆ ಮದ್ದೂ ತಪ್ಪುತ್ತದೆ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಹದವಿರುವ ಮಣ್ಣಿಗೆ ಯೂರಿಯಾ ಕಾಳು ಬಿದ್ದ ಕೂಡಲೇ ಕರಗುತ್ತದೆ. ಆದರೆ ಯೂರಿಯಾ ಯೂರಿಯಾವಾಗಿಯೇ ಇದ್ದರೆ ಪೈರಿಗೆ ಅದರಿಂದ ಹೆಚ್ಚೇನೂ ಪ್ರಯೋಜನವಿಲ್ಲ. ಮಣ್ಣಿನ ಅಣುಜೀವಿಗಳು ತಯಾರಿಸುವ ಯೂರಿಯೇಸ್ ಎಂಬ ಕಿಣ್ವ ಅದನ್ನು ಒಡೆದು ಅಮೋನಿಯಂ ಮಾಡಬೇಕು. ಆಮೇಲೆ ನೈಟ್ರೋಸೊಮೋನಾಸ್ ಗುಂಪಿನ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡುತ್ತವೆ. ಅವುಗಳ ಹಿಂದೆ ಬರುವ ಇನ್ನೊಂದು ಗುಂಪು ನೈಟ್ರೇಟ್ ಮಾಡುತ್ತದೆ. ನೀವು ಚೀಲಕ್ಕೆ ಕೊಟ್ಟ ದುಡ್ಡು ಪೈರಿಗೆ ತಲುಪುವುದು ಇಷ್ಟು ಜೀವಿಗಳ ಕೈ ದಾಟಿಯೇ. ಮಣ್ಣಿನಲ್ಲಿ ಜೀವವೇ ಇಲ್ಲದಿದ್ದರೆ ಯೂರಿಯಾ ಕೂಡ ಕೆಲಸ ಮಾಡುವುದಿಲ್ಲ.

ಕಾಳು ಬಿದ್ದ ಜಾಗದಲ್ಲಿ, ಒಂದೆರಡು ಬೆರಳಿನ ಸುತ್ತಳತೆಯಲ್ಲಿ, ಅಮೋನಿಯಾ ಹೆಚ್ಚಾಗಿ ಜೀವಿಗಳು ಸಾಯುವುದು ಹೌದು. ಗೊಬ್ಬರವನ್ನು ಒಂದೇ ಕಡೆ ರಾಶಿ ಸುರಿದರೆ ಎಳೆ ಬೇರು ಸುಡುವುದೂ ಇದರಿಂದಲೇ. ಆದರೆ ಕೆಲವು ವಾರಗಳಲ್ಲಿ ಸುತ್ತಲಿನ ಮಣ್ಣಿನಿಂದ ಜೀವಿಗಳು ಬಂದು ಆ ಜಾಗ ಮತ್ತೆ ತುಂಬಿಕೊಳ್ಳುತ್ತದೆ. ಹೊಲಕ್ಕೆ ಹೊಲವೇ ಸಾಯುವುದಿಲ್ಲ. ಪ್ರಪಂಚದ ಬೇರೆ ಬೇರೆ ಕಡೆಯ 64 ದೀರ್ಘಕಾಲದ ಗೊಬ್ಬರ ಪ್ರಯೋಗಗಳ ಲೆಕ್ಕವನ್ನು ಒಟ್ಟಿಗೆ ಸೇರಿಸಿ ನೋಡಿದ ಒಂದು ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಏನೂ ಗೊಬ್ಬರ ಹಾಕದ ತಾಕುಗಳಿಗಿಂತ ರಾಸಾಯನಿಕ ಗೊಬ್ಬರ ಹಾಕಿದ ತಾಕುಗಳಲ್ಲಿ ಅಣುಜೀವಿಗಳ ಒಟ್ಟು ಪ್ರಮಾಣ ಸರಾಸರಿ ಶೇ. 15ರಷ್ಟು ಹೆಚ್ಚೇ ಇತ್ತು! ಇದನ್ನು ಕೇಳಿ ಅಂಗಡಿಯವರು ಖುಷಿಪಡಬಹುದು. ಆದರೆ ಅದೇ ಅಧ್ಯಯನದ ಇನ್ನೊಂದು ಮಾತು ನಮ್ಮ ಜಿಲ್ಲೆಗೆ ಹೆಚ್ಚು ಮುಖ್ಯ. ಮಣ್ಣಿನ ಹುಳಿ ಅಳೆಯುವ ರಸಸಾರ (ಪಿಎಚ್) 5ಕ್ಕಿಂತ ಕೆಳಗಿಳಿದ, ಅಂದರೆ ಮಣ್ಣು ತೀರಾ ಹುಳಿಯಾದ ಕಡೆಗಳಲ್ಲಿ ಲೆಕ್ಕ ತಿರುವುಮುರುವಾಗಿ, ಸಾರಜನಕ ಗೊಬ್ಬರದಿಂದ ಅಣುಜೀವಿಗಳು ಕಡಿಮೆಯಾಗಿದ್ದವು.

ಅಂದರೆ ಚೀಲದ ಗೊಬ್ಬರ ವಿಷದ ಹಾಗೆ ನೇರವಾಗಿ ಕೊಲ್ಲುವುದಿಲ್ಲ. ಕೊಲ್ಲುವವು ಎರಡು: ಒಂದು ಹುಳಿ, ಇನ್ನೊಂದು ಹಸಿವು.

ಮೊದಲು ಹುಳಿಯ ವಿಚಾರ. ಅಮೋನಿಯಂ ನೈಟ್ರೇಟ್ ಆಗುವಾಗ ಆಮ್ಲ ಹುಟ್ಟುತ್ತದೆ. ಯೂರಿಯಾದಿಂದ ಬಂದ ಒಂದು ಕೆಜಿ ಸಾರಜನಕದ ಹುಳಿ ಕಳೆಯಲು ಸುಮಾರು 1.8 ಕೆಜಿ ಸುಣ್ಣದ ಪುಡಿ ಬೇಕು. ಯೂರಿಯಾದ 45 ಕೆಜಿ ಚೀಲದಲ್ಲಿ ಸಾರಜನಕ 20 ಕೆಜಿಗಿಂತ ಸ್ವಲ್ಪ ಹೆಚ್ಚು. ಲೆಕ್ಕ ಹಾಕಿದರೆ ಚೀಲವೊಂದಕ್ಕೆ ಸುಮಾರು 37 ಕೆಜಿ ಸುಣ್ಣ. ಅಷ್ಟೇ ಸಾರಜನಕವನ್ನು ಅಮೋನಿಯಂ ಸಲ್ಫೇಟ್ ರೂಪದಲ್ಲಿ ಕೊಟ್ಟರೆ ಮೂರು ಪಟ್ಟು ಸುಣ್ಣ ಬೇಕಾಗುತ್ತದೆ. ಯೂರಿಯಾ ಕೊಂಡವರಲ್ಲಿ ಸುಣ್ಣವನ್ನೂ ಕೊಂಡವರು ಎಷ್ಟು ಜನ?

ಇನ್ನು ಹಸಿವು. ಯೂರಿಯಾ ಪೈರಿಗೆ ಸಾರಜನಕ ಕೊಡುತ್ತದೆ, ಮಣ್ಣಿನ ಹೆಚ್ಚಿನ ಜೀವಿಗಳಿಗೆ ಊಟ ಕೊಡುವುದಿಲ್ಲ. ಅವುಗಳ ಊಟ ಇಂಗಾಲ: ಸಗಣಿ, ಸೊಪ್ಪು, ಕೂಳೆ, ಸತ್ತ ಬೇರು. ನಿಮ್ಮ ಆಲೂಗೆಡ್ಡೆ ಹೊಲದಲ್ಲಿ ಕೊಯ್ಲಿನ ನಂತರ ಉಳಿಯುವುದೇನು? ಒಣಗಿದ ಬಳ್ಳಿ ಸ್ವಲ್ಪ, ಅಷ್ಟೇ. ರಾಗಿ ಹುಲ್ಲು ಮೆದೆಗೆ ಹೋಗುತ್ತದೆ. ಮೊದಲು ಆ ಹುಲ್ಲು ತಿಂದ ದನದ ಸಗಣಿ ತಿಪ್ಪೆಯಾಗಿ ಯುಗಾದಿ ಕಳೆದ ಮೇಲೆ ಅದೇ ಹೊಲಕ್ಕೆ ಬರುತ್ತಿತ್ತು. ಈಗ ನಮ್ಮ ಬಯಲು ಸೀಮೆಯ ತಿಪ್ಪೆಗಳು ಟ್ರ್ಯಾಕ್ಟರ್, ಲಾರಿ ಹತ್ತಿ ಮಲೆನಾಡಿನ ತೋಟಗಳಿಗೆ ಹೋಗುವುದನ್ನು ಬೇಸಿಗೆ ಪೂರ್ತಿ ನೋಡುತ್ತೇನೆ. ಒಂದು ಲೋಡು ಮಾರಿ ಬಂದ ದುಡ್ಡಿನಲ್ಲಿ ನಾಲ್ಕು ಚೀಲ ಕೊಳ್ಳಬಹುದು ನಿಜ. ಆದರೆ ಲೋಡಿನೊಂದಿಗೆ ಹೋದ ಇಂಗಾಲ ಆ ನಾಲ್ಕು ಚೀಲದಲ್ಲಿ ವಾಪಸ್ ಬರುವುದಿಲ್ಲ. ಇದು ನನಗೆ ನಿಜವಾಗಿಯೂ ಸಂಕಟ ಕೊಡುವ ವಿಷಯ.

ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬ್ರಾಡ್‌ಬಾಕ್ ಎಂಬ ಗೋಧಿ ಹೊಲವಿದೆ. 1843ರಿಂದ ಇವತ್ತಿನವರೆಗೂ ಅಲ್ಲಿ ಒಂದು ಪಟ್ಟಿಗೆ ಕೊಟ್ಟಿಗೆ ಗೊಬ್ಬರ, ಪಕ್ಕದ ಪಟ್ಟಿಗಳಿಗೆ ರಾಸಾಯನಿಕ ಗೊಬ್ಬರ, ಇನ್ನೊಂದಕ್ಕೆ ಏನೂ ಇಲ್ಲ, ಹೀಗೆ ನಡೆದುಬಂದಿದೆ. ಸಮತೋಲನದ ರಾಸಾಯನಿಕ ಗೊಬ್ಬರದಲ್ಲಿ ಗೋಧಿ ಇವತ್ತಿಗೂ ಚೆನ್ನಾಗಿ ಬರುತ್ತದೆ. ಆದರೆ ಕೊಟ್ಟಿಗೆ ಗೊಬ್ಬರದ ಪಟ್ಟಿಯಲ್ಲಿ ಸಾವಯವ ಇಂಗಾಲ ಏನೂ ಹಾಕದ ಪಟ್ಟಿಗಿಂತ ದುಪ್ಪಟ್ಟಿಗೂ ಹೆಚ್ಚು, ಅಣುಜೀವಿಗಳೂ ಅದಕ್ಕೆ ತಕ್ಕಂತೆ ಹೆಚ್ಚು. ಇಲ್ಲೊಂದು ಗಮನಿಸಬೇಕಾದ ಸಂಗತಿ ಇದೆ. ಆ ಹೊಲಕ್ಕೆ ಹಿಂದಿನ ಕಾಲದವರು ಹೇರಳವಾಗಿ ಸುಣ್ಣಕಲ್ಲು ಸುರಿದಿದ್ದರು, ಹಾಗಾಗಿ ಅಲ್ಲಿ ಹುಳಿ ಏರಲಿಲ್ಲ. ನಮ್ಮ ಕೆಂಪು ಮಣ್ಣಿಗೆ ಆ ಭಾಗ್ಯವಿಲ್ಲ. ನಮಗೆ ಹತ್ತಿರದ ಸಾಕ್ಷಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ್ದು. ಅಲ್ಲಿ ಕೆಂಪು ಮಣ್ಣಿನಲ್ಲಿ 1986ರಿಂದ ರಾಗಿ–ಮುಸುಕಿನ ಜೋಳದ ದೀರ್ಘಕಾಲದ ಪ್ರಯೋಗ ನಡೆದಿದೆ. ಸಾರಜನಕ ಒಂದನ್ನೇ ಕೊಟ್ಟ ತಾಕುಗಳಲ್ಲಿ ರಸಸಾರ ಇಳಿಯಿತು, ಇಳುವರಿ ಕುಸಿಯಿತು. ಎನ್‌ಪಿಕೆ (ಸಾರಜನಕ, ರಂಜಕ, ಪೊಟ್ಯಾಷ್) ಜೊತೆ ಕೊಟ್ಟಿಗೆ ಗೊಬ್ಬರ ಕೊಟ್ಟ ತಾಕುಗಳು, ಸುಣ್ಣ ಕೊಟ್ಟ ತಾಕುಗಳು ನಿಂತುಕೊಂಡವು.

ನೀವು ಮಾಡಬೇಕಾದ್ದು ಹೇಳುತ್ತೇನೆ. ತಿಪ್ಪೆ ಮಾರಬೇಡಿ. ಎಕರೆಗೆ ಮೂರು–ನಾಲ್ಕು ಟನ್ ಆದರೂ ನಿಮ್ಮ ಹೊಲಕ್ಕೇ ಬರಲಿ. ಅದು ಪೂರ್ತಿ ಕಳಿತಿರಬೇಕು, ಹಸಿ ಸಗಣಿ ಹಾಕಿದರೆ ಗೊಣ್ಣೆಹುಳು ಬಂದು ಗೆಡ್ಡೆ ಕೊರೆಯುತ್ತದೆ. ಗೊಬ್ಬರ ಸಾಲದಿದ್ದರೆ ಮುಂಗಾರು ಪೂರ್ವ ಮಳೆಗೆ ಸೆಣಬು ಚೆಲ್ಲಿ, ಹೂವು ಬರುವ ಹೊತ್ತಿಗೆ ಮಣ್ಣಿಗೆ ಉತ್ತುಬಿಡಿ. ಯೂರಿಯಾ ಬಿಡಲೇಬೇಕೆಂದಿಲ್ಲ. ಒಂದೇ ಸಲ ಸುರಿಯದೆ ಎರಡು ಕಂತಿನಲ್ಲಿ, ಮಣ್ಣಲ್ಲಿ ಹದ ಇದ್ದಾಗ ಕೊಟ್ಟು ಮಣ್ಣು ಮುಚ್ಚಿ. ಸುಣ್ಣ ಹಾಕುವುದಾದರೆ ಆಲೂಗೆಡ್ಡೆ ಹಾಕುವ ವರ್ಷ ಬೇಡ, ರಾಗಿ ವರ್ಷ ಹಾಕಿ. ರಸಸಾರ ಹಠಾತ್ತನೆ ಏರಿದ ಮಣ್ಣಿನಲ್ಲಿ ಗೆಡ್ಡೆಯ ಮೇಲೆ ಕಜ್ಜಿ ಹೆಚ್ಚಾಗುತ್ತದೆ. ಆ ಕಜ್ಜಿ ತರುವುದೂ ಮಣ್ಣಿನದೇ ಒಂದು ಅಣುಜೀವಿ.

ಮಗನಿಗೆ ನನ್ನ ಆಶೀರ್ವಾದ ತಿಳಿಸಿ. ಮಣ್ಣಿಗೋಸ್ಕರ ಅಪ್ಪನ ಹತ್ತಿರ ಜಗಳ ಮಾಡುವ ಮಕ್ಕಳು ಊರಿಗೆ ಬೇಕು.

ಪ್ರಶ್ನೆ: ನಮ್ಮ ಅರೇಬಿಕಾ ತೋಟದ ಮಣ್ಣು ಪರೀಕ್ಷೆಯಲ್ಲಿ ರಸಸಾರ 4.9 ಬಂದಿದೆ. ಸಾವಯವ ಇಂಗಾಲ ಮಾತ್ರ "ಅಧಿಕ" ಎಂದಿದೆ. ಇಂಗಾಲ ಅಷ್ಟಿದ್ದ ಮೇಲೆ ಅಣುಜೀವಿಗಳಿಗೆ ತೊಂದರೆ ಇಲ್ಲ ಅಂದುಕೊಳ್ಳಬಹುದೇ? ಉದುರಿದ ಎಲೆಯ ದರಗು ಮಾತ್ರ ಮೊದಲಿನಂತೆ ಬೇಗ ಕರಗುತ್ತಿಲ್ಲ.
– ಕಾಫಿ ಬೆಳೆಗಾರರು, ಆಲ್ದೂರು

ಅಂದುಕೊಳ್ಳಬಾರದು. ನಿಮ್ಮ ತೋಟದ ಜೀವಿಗಳಿಗೆ ಹಸಿವಿಲ್ಲ, ಹುಳಿ ಇದೆ. ದರಗು ಕರಗದೆ ಮೆತ್ತೆಯಾಗಿ ಕೂತಿರುವುದೇ ಅದರ ಗುರುತು. ಉಣ್ಣುವವರು ಕಡಿಮೆಯಾದಾಗ ಇಂಗಾಲ ಉಳಿದುಕೊಂಡು ಪರೀಕ್ಷೆಯಲ್ಲಿ "ಅಧಿಕ" ಎಂದು ಬರಲೂಬಹುದು. ಹಾಗಾಗಿ ಅದೊಂದೇ ಅಂಕಿ ನೋಡಿ ಸಮಾಧಾನಪಡಬೇಡಿ.

ರಸಸಾರದ ಅಳತೆಯಲ್ಲಿ ಒಂದು ಅಂಕ ಇಳಿದರೆ ಆಮ್ಲ ಹತ್ತು ಪಟ್ಟು ಏರಿದಂತೆ. ಕಾಫಿಗೆ ಹಿತವಾದದ್ದು 6ರಿಂದ 6.5. ನಿಮ್ಮದು ಅದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಹುಳಿ. 5.5ಕ್ಕಿಂತ ಕೆಳಗೆ ಮಣ್ಣಿನ ಅಲ್ಯೂಮಿನಿಯಂ ಕರಗಿ ಹೊರಬರುತ್ತದೆ. ಬೇರಿನ ತುದಿಗೂ ಅದು ನಂಜು, ಬ್ಯಾಕ್ಟೀರಿಯಾಗಳಿಗೂ ನಂಜು. ಶಿಲೀಂಧ್ರಗಳು ಒಂದಷ್ಟು ತಡೆದುಕೊಳ್ಳುತ್ತವೆ. ಅದಕ್ಕೇ ಹುಳಿ ತೋಟದ ದರಗು ಎತ್ತಿ ನೋಡಿದರೆ ಬಿಳಿ ಬೂಷ್ಟಿನ ಎಳೆ ಸಿಗುತ್ತದೆ, ಎರೆಹುಳು ಸಿಗುವುದು ಅಪರೂಪ.

ನಿಮ್ಮ ತೋಟದಲ್ಲಿ ಹಾಲುವಾಣ ಇದ್ದರೆ ಹೀಗೆ ಮಾಡಿ. ಮಳೆಗಾಲದಲ್ಲಿ ಬುಡದಿಂದ ಸ್ವಲ್ಪ ದೂರ ಮೇಲ್ಮಣ್ಣು ಮೆಲ್ಲಗೆ ಕೆದಕಿ ಎಳೆ ಬೇರು ಹುಡುಕಿ. ಬೇರಿನ ಮೇಲೆ ಗಂಟುಗಳಿರುತ್ತವೆ. ಹಾಲುವಾಣ ದ್ವಿದಳ ಜಾತಿಯ ಮರ, ಗಾಳಿಯ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾಗಳ ಮನೆ ಆ ಗಂಟು. ಒಂದನ್ನು ಉಗುರಿನಿಂದ ಸೀಳಿ. ಒಳಗೆ ಎಳೆ ಮಾಂಸದ ಹಾಗೆ ನಸುಗೆಂಪು ಇದ್ದರೆ ಕೆಲಸ ನಡೆಯುತ್ತಿದೆ. ಬೆಳ್ಳಗೆ, ಹಸಿರಾಗಿ ಇದ್ದರೆ ಅಥವಾ ಗಂಟೇ ಇಲ್ಲದಿದ್ದರೆ ಹುಳಿಯೋ ಅತಿ ಸಾರಜನಕವೋ ಕಾರಣವಿರಬಹುದು. ಪಕ್ಕದಲ್ಲೇ ನೈಟ್ರೇಟ್ ಧಾರಾಳವಾಗಿ ಸಿಗುತ್ತಿದ್ದರೆ ಮರ ಗಂಟು ಕಟ್ಟುವ ಗೋಜಿಗೆ ಹೋಗುವುದಿಲ್ಲ. ಹಾಲುವಾಣ ಕಡಿದು ಎಲ್ಲೆಲ್ಲೂ ಸಿಲ್ವರ್ ಓಕ್ ನಿಲ್ಲಿಸಿದ ತೋಟಗಳಲ್ಲಿ ಈ ಉಚಿತ ಸಾರಜನಕವೂ ಹೋಯಿತು, ಬೇಗ ಕರಗುವ ಮೆತ್ತನೆಯ ಎಲೆಯೂ ಹೋಯಿತು. ಮೆಣಸಿನ ಬಳ್ಳಿ ಹಬ್ಬಿಸಲು, ಮರ ಮಾರಲು ಸಿಲ್ವರ್ ಓಕ್ ಬೇಕು, ಒಪ್ಪುತ್ತೇನೆ. ಅದೊಂದೇ ಇರುವುದನ್ನು ಒಪ್ಪಲಾರೆ.

ಮದ್ದು ಸುಣ್ಣವೇ. ಎಷ್ಟು ಎಂಬುದನ್ನು ರಸಸಾರ ಒಂದರಿಂದ ಹೇಳಲಾಗದು, ಮಣ್ಣಿನ ಜಿಗುಟು ನೋಡಿ ಸುಣ್ಣದ ಅಗತ್ಯದ ಪರೀಕ್ಷೆಯನ್ನೇ ಮಾಡಿಸಬೇಕು. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರವಿದೆ, ನಿಮಗೆ ದೂರವೇನಲ್ಲ. ಮೆಗ್ನೀಷಿಯಂ ಕೊರತೆಯೂ ಇದ್ದರೆ ಮೆಗ್ನೀಷಿಯಂ ಬೆರೆತ ಸುಣ್ಣವಾದ ಡೋಲೊಮೈಟ್ ಒಳ್ಳೆಯದು. ಮಳೆ ಕಡಿಮೆಯಾಗಿ ಮಣ್ಣಿನಲ್ಲಿ ಇನ್ನೂ ಹದ ಇರುವಾಗ ಹರಡಿ, ಆಮೇಲೆ ತಿಂಗಳಾದರೂ ಬಿಟ್ಟು ಗೊಬ್ಬರ ಕೊಡಿ. ಸುಣ್ಣದ ಜೊತೆಗೇ ಯೂರಿಯಾ ಅಥವಾ ಸಗಣಿ ಗೊಬ್ಬರ ಬಿದ್ದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಮೂಗಿಗೇ ಗೊತ್ತಾಗುತ್ತದೆ. ರಂಜಕದ ಗೊಬ್ಬರವಾದ ರಾಕ್ ಫಾಸ್ಫೇಟನ್ನೂ ಸುಣ್ಣದ ಜೊತೆ ಹಾಕಬೇಡಿ. ಅದು ಕರಗಲು ಹುಳಿ ಬೇಕು.

ಪ್ರಶ್ನೆ: ಮನೆ ಹಿತ್ತಲಿನ ತರಕಾರಿಗೆ ತೆಂಗಿನ ನಾರಿನ ಪುಡಿ ಸಾವಯವ ಅಂತ ಚೆನ್ನಾಗಿ ಹಾಕಿದೆ. ಬದನೆ, ಮೆಣಸಿನ ಗಿಡ ಹಳದಿಯಾಗಿ ನಿಂತುಬಿಟ್ಟಿವೆ. ಸಾವಯವದಿಂದಲೂ ಹೀಗಾಗುತ್ತದೆಯೇ ಅಕ್ಕ?
– ಗೃಹಿಣಿ, ಗಂಡಸಿ, ಅರಸೀಕೆರೆ ತಾಲ್ಲೂಕು

ಆಗುತ್ತದೆ ತಂಗಿ. ನಾರಿನ ಪುಡಿಯಲ್ಲಿ ಇಂಗಾಲ ತೀರಾ ಹೆಚ್ಚು, ಸಾರಜನಕ ತೀರಾ ಕಡಿಮೆ. ಸುಮಾರು ನೂರಕ್ಕೆ ಒಂದು ಅಥವಾ ಅದಕ್ಕೂ ಕಮ್ಮಿ. ಅಣುಜೀವಿಗಳ ಮೈಯಲ್ಲಿ ಎಂಟು ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕವಿರುತ್ತದೆ. ಇಷ್ಟು ಇಂಗಾಲ ಒಮ್ಮೆಗೇ ಸಿಕ್ಕಾಗ, ಅದನ್ನು ಉಣ್ಣಲು ಬೇಕಾದ ಸಾರಜನಕವನ್ನು ಅವು ಮಣ್ಣಿನಿಂದಲೇ ಕಸಿದುಕೊಳ್ಳುತ್ತವೆ. ಗಿಡಕ್ಕೆ ಉಳಿಯುವುದಿಲ್ಲ. ಮರದ ಹೊಟ್ಟು ಹಾಕಿದರೂ ಇದೇ ಕತೆ. ಸದ್ಯಕ್ಕೆ ಮೇಲಿನ ಪುಡಿ ಬಳಿದು ತೆಗೆದು, ಹಿಂಡಿ ನೆನೆಸಿದ ನೀರನ್ನೋ ತೀರಾ ತೆಳುವಾದ ಯೂರಿಯಾ ನೀರನ್ನೋ ಕೊಡಿ, ಗಿಡ ಚೇತರಿಸಿಕೊಳ್ಳುತ್ತದೆ. ನಾರಿನ ಪುಡಿ ಹೆಚ್ಚು ಸಿಗುವ ಊರು ನಿಮ್ಮದು, ಎಸೆಯಬೇಡಿ. ಒಂದು ಟನ್ ಪುಡಿಗೆ 5 ಕೆಜಿ ಯೂರಿಯಾ ಮತ್ತು ಅಣಬೆ ಬೀಜ ಪದರ ಪದರವಾಗಿ ಸೇರಿಸಿ, ನೆರಳಲ್ಲಿ ನೀರು ಚಿಮುಕಿಸುತ್ತ ಇಟ್ಟರೆ ತಿಂಗಳು ದಾಟುವ ಹೊತ್ತಿಗೆ ಕಪ್ಪಗೆ ಕಳಿಯುತ್ತದೆ. ಆಗ ಹಾಕಿ.

ಪ್ರಶ್ನೆ: ಅಜ್ಜನ ಕಾಲದಿಂದ ಅಡಿಕೆಗೆ ಬೋರ್ಡೋ ಹೊಡೆಯುತ್ತಿದ್ದೇವೆ. ರಾಸಾಯನಿಕ ಗೊಬ್ಬರ ಹಾಕಿಯೇ ಇಲ್ಲ, ಬರೀ ಸೊಪ್ಪು–ಸಗಣಿ. ಆದರೂ ತೋಟದಲ್ಲಿ ಎರೆಹುಳು ಕಡಿಮೆ. ಏಕೆ?
– ಅಡಿಕೆ ಬೆಳೆಗಾರರು, ಶೃಂಗೇರಿ ತಾಲ್ಲೂಕು

ನಿಮ್ಮ ಪ್ರಶ್ನೆಯಲ್ಲೇ ಉತ್ತರದ ಎಳೆ ಇದೆ. ಬೋರ್ಡೋ ಎಂದರೆ ಮೈಲುತುತ್ತ, ಸುಣ್ಣ ಬೆರೆಸಿದ ದ್ರಾವಣ. ಒಂದು ಕೆಜಿ ಮೈಲುತುತ್ತದಲ್ಲಿ ಕಾಲು ಕೆಜಿ ತಾಮ್ರ. ನೂರು ಲೀಟರ್ ದ್ರಾವಣ ಹೊಡೆದಾಗಲೆಲ್ಲ ಅಷ್ಟು ತಾಮ್ರ ತೋಟಕ್ಕೆ ಬರುತ್ತದೆ. ಗೊನೆಯಿಂದ ತೊಳೆದು ಹೋದದ್ದು ಬುಡಕ್ಕೆ ಬೀಳುತ್ತದೆ. ಸಾರಜನಕ ಗಾಳಿಗೆ ಹೋಗಬಹುದು, ನೀರಿನಲ್ಲಿ ಇಳಿದು ಹೋಗಬಹುದು. ತಾಮ್ರ ಎಲ್ಲಿಗೂ ಹೋಗುವುದಿಲ್ಲ, ಕರಗಿ ಇಲ್ಲವಾಗುವುದೂ ಇಲ್ಲ. ಮೇಲಿನ ಅರ್ಧ ಅಡಿ ಮಣ್ಣಿನಲ್ಲಿ ಅಜ್ಜ ಹೊಡೆದದ್ದೂ ಇದೆ, ನೀವು ಹೊಡೆದದ್ದೂ ಇದೆ. ಕೊಳೆರೋಗ ತರುವ ಫೈಟಾಫ್ತೊರಾ ಎಂಬ ರೋಗಾಣುವನ್ನು ತಡೆಯುವ ಆ ತಾಮ್ರವೇ ಎರೆಹುಳುವಿಗೂ ಮಣ್ಣಿನ ಎಷ್ಟೋ ಒಳ್ಳೆಯ ಜೀವಿಗಳಿಗೂ ತೊಂದರೆ. ಮಣ್ಣು ಹುಳಿಯಾದಷ್ಟೂ ತಾಮ್ರದ ಕಾಟ ಜಾಸ್ತಿ.

ಮಣ್ಣು ಆರೋಗ್ಯ ಕಾರ್ಡ್ ತೆಗೆದು ನೋಡಿ. ಅದರ 12 ಅಂಶಗಳಲ್ಲಿ ತಾಮ್ರವೂ ಒಂದು. ಆದರೆ ಕಾರ್ಡ್ ನೋಡುವುದು ತಾಮ್ರ ಕಡಿಮೆ ಇದೆಯೇ ಎಂದು ಮಾತ್ರ. 0.2 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 0.2 ಪಾಲು) ದಾಟಿದರೆ "ಸಾಕಷ್ಟು" ಎಂದು ಬರೆಯುತ್ತದೆ. ಅದರ ನೂರು ಪಟ್ಟು ಇದ್ದರೂ ಅದೇ "ಸಾಕಷ್ಟು". ಹಾಗಾಗಿ ಪದ ಬಿಟ್ಟು ಅಂಕಿ ಓದಿ, ತೋಟದಾಚೆಯ ಬೆಟ್ಟದ ಮಣ್ಣಿನ ಅಂಕಿಯ ಜೊತೆ ಹೋಲಿಸಿ. ಆ 12ರಲ್ಲಿ ಜೀವವನ್ನು ಅಳೆಯುವ ಅಂಶ ಒಂದೂ ಇಲ್ಲ, ಇದು ಬದಲಾಗಬೇಕು ಎಂದು ನಾನು ಬಹಳ ಕಾಲದಿಂದ ಹೇಳುತ್ತಿದ್ದೇನೆ.

ಬೋರ್ಡೋ ನಿಲ್ಲಿಸಿ ಎನ್ನಲಾರೆ. ನಿಮ್ಮ ಕಡೆಯ ಮಳೆಗೆ ಒಂದು ವರ್ಷ ತಪ್ಪಿದರೂ ಫಸಲು ಉದುರುತ್ತದೆ. ಗೊನೆಗೆ ಮಾತ್ರ ತಾಗುವಂತೆ ಹೊಡೆಯಿಸಿ, ಉಳಿದ ದ್ರಾವಣವನ್ನು ಬುಡಕ್ಕೆ ಚೆಲ್ಲಬೇಡಿ, ಡ್ರಮ್ ತೊಳೆದ ನೀರು ದಿನವೂ ಒಂದೇ ಜಾಗಕ್ಕೆ ಬೀಳದಿರಲಿ. ಗೊನೆ ಕಡಿಮೆ ಇರುವ ಮರಗಳಿಗೆ, ಗೊನೆಗೆ ಮಳೆ ತಾಗದಂತೆ ಕೊಟ್ಟೆ ಕಟ್ಟುವುದು ಸಾಧ್ಯವಾದರೆ ಅದು ಇನ್ನೂ ಒಳ್ಳೆಯದು. ನೀವು ಹಾಕುವ ಸೊಪ್ಪು–ಸಗಣಿ ಇಲ್ಲಿ ದೊಡ್ಡ ಉಪಕಾರ ಮಾಡುತ್ತಿದೆ, ತಾಮ್ರವನ್ನು ಹಿಡಿದು ಕಟ್ಟಿಹಾಕುವುದು ಸಾವಯವ ಪದಾರ್ಥವೇ. ಅದನ್ನು ಕಡಿಮೆ ಮಾಡಬೇಡಿ, ಸುಣ್ಣ ಕೊಟ್ಟು ಹುಳಿ ಇಳಿಸಿ. ರೋಗ ತಡೆಯಲು ಟ್ರೈಕೋಡರ್ಮಾ ಹಾಕುವವರಿಗೂ ಒಂದು ಮಾತು: ಅದೂ ಶಿಲೀಂಧ್ರವೇ. ಬೋರ್ಡೋ ಸುರಿದ ಬುಡಕ್ಕೆ ಮರುದಿನ ಹಾಕಿದರೆ ಹಣ ಹೋದಂತೆ. 90 ಕೆಜಿ ಕಳಿತ ಗೊಬ್ಬರ, 10 ಕೆಜಿ ಬೇವಿನ ಹಿಂಡಿಗೆ ಒಂದು ಕೆಜಿ ಬೆರೆಸಿ, ಹದ ಮಾಡಿ, ಎರಡು ವಾರ ನೆರಳಲ್ಲಿ ಬೆಳೆಯಲು ಬಿಟ್ಟು ಆಮೇಲೆ ಕೊಡಿ.

ಪ್ರಶ್ನೆ: ತೆಂಗಿನ ತೋಟಕ್ಕೆ ಬೇರೆಲ್ಲ ಗೊಬ್ಬರ ನಿಲ್ಲಿಸಿ ತಿಂಗಳಿಗೊಮ್ಮೆ ಜೀವಾಮೃತ ಮಾತ್ರ ಕೊಡುತ್ತಿದ್ದೇನೆ. ಮೊದಲೆರಡು ವರ್ಷ ಚೆನ್ನಾಗಿತ್ತು, ಈಗ ಹೊಂಬಾಳೆ ಸಣ್ಣದಾಗುತ್ತಿದೆ. ಕೋಟಿಗಟ್ಟಲೆ ಜೀವಾಣು ಕೊಡುತ್ತಿದ್ದೇನಲ್ಲ, ಹೀಗೇಕೆ?
– ತೆಂಗು ಬೆಳೆಗಾರರು, ಹಿರೀಸಾವೆ, ಚನ್ನರಾಯಪಟ್ಟಣ ತಾಲ್ಲೂಕು

ನಿಮ್ಮ ಶ್ರದ್ಧೆಗೆ ನಮಸ್ಕಾರ. ಲೆಕ್ಕ ಮಾತ್ರ ಕೂಡಿ ನೋಡೋಣ. ಒಂದು ಎಕರೆಯ ಜೀವಾಮೃತಕ್ಕೆ ಹತ್ತು ಕೆಜಿ ಸಗಣಿ, ಹತ್ತು ಲೀಟರ್ ಗಂಜಲ, ಎರಡು ಕೆಜಿ ಬೆಲ್ಲ, ಎರಡು ಕೆಜಿ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು, 200 ಲೀಟರ್ ನೀರು. ಇವೆಲ್ಲದರಲ್ಲಿ ಸಾರಜನಕ ಸುಮಾರು 200 ಗ್ರಾಂ. ತಿಂಗಳಿಗೊಮ್ಮೆ ಎಂದರೆ ವರ್ಷಕ್ಕೆ ಎಕರೆಗೆ ಎರಡೂವರೆ ಕೆಜಿ. ತೆಂಗಿನ ಮರ ಒಂದಕ್ಕೇ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1,200 ಗ್ರಾಂ ಪೊಟ್ಯಾಷ್ ಶಿಫಾರಸು ಇದೆ. ಎಕರೆಯಲ್ಲಿ ಅರವತ್ತು ಮರವಿದ್ದರೆ ಸಾರಜನಕವೇ 30 ಕೆಜಿ, ಪೊಟ್ಯಾಷ್ 72 ಕೆಜಿ. ಕಾಯಿ ಕೀಳುತ್ತ ಹೋದಂತೆ ತೋಟದಿಂದ ಪೊಟ್ಯಾಷ್ ಹೊರಗೆ ಹೋಗುತ್ತಲೇ ಇರುತ್ತದೆ. ಅಣುಜೀವಿಗಳು ಗಾಳಿಯಿಂದ ಸಾರಜನಕ ಹಿಡಿಯಬಲ್ಲವು. ಪೊಟ್ಯಾಷ್ ಗಾಳಿಯಲ್ಲಿ ಇಲ್ಲ.

ಮೊದಲೆರಡು ವರ್ಷ ಚೆನ್ನಾಗಿದ್ದದ್ದಕ್ಕೂ ಕಾರಣ ಇದೆ. ಮಣ್ಣಿನಲ್ಲಿ ಜೀವಿಗಳೇನೂ ಕಡಿಮೆ ಇರುವುದಿಲ್ಲ, ಒಂದು ಗ್ರಾಂ ಒಳ್ಳೆಯ ಮಣ್ಣಿನಲ್ಲಿ ನೂರು ಕೋಟಿ ಬ್ಯಾಕ್ಟೀರಿಯಾ ಇದ್ದರೂ ಇರಬಹುದು. ಅವುಗಳಲ್ಲಿ ಹೆಚ್ಚಿನವು ಊಟವಿಲ್ಲದೆ ಸುಮ್ಮನೆ ಬಿದ್ದಿರುತ್ತವೆ. ನೀವು ಕೊಟ್ಟದ್ದು ಹಸಿದು ಮಲಗಿದವನಿಗೆ ಬೆಲ್ಲದ ನೀರು ಕುಡಿಸಿದ ಹಾಗೆ. ಎದ್ದು ಕೂತವು, ಹಳೆಯ ಸಾವಯವ ಪದಾರ್ಥವನ್ನು ಚುರುಕಾಗಿ ಕರಗಿಸಿದವು, ಅದರಲ್ಲಿ ಅಡಗಿದ್ದ ಪೋಷಕಾಂಶ ಮರಕ್ಕೆ ಸಿಕ್ಕಿತು. ಕೂಡಿಟ್ಟದ್ದು ಮುಗಿಯುತ್ತ ಬಂದಂತೆ ಹೊಂಬಾಳೆ ಸಣ್ಣದಾಯಿತು. ಹೊರಗಿನಿಂದ ತಂದು ಬಿಟ್ಟ ಜೀವಿಗಳ ಪೈಕಿ ಹೆಚ್ಚಿನವು, ಮಣ್ಣಿನಲ್ಲಿ ಮೊದಲೇ ನೆಲೆನಿಂತವುಗಳ ಎದುರು ಬಾಳುವುದೂ ಇಲ್ಲ.

ಜೀವಾಮೃತ ಬಿಡಬೇಡಿ, ಅದೊಂದನ್ನೇ ನಂಬಬೇಡಿ. ಬುಡದ ಸುತ್ತ ಗರಿ, ಕಾಯಿಮಟ್ಟೆ, ಸೊಪ್ಪಿನ ಹೊದಿಕೆ ದಪ್ಪಗೆ ಇರಲಿ. ಜೀವಾಮೃತದ ಪದ್ಧತಿ ಹೇಳಿಕೊಟ್ಟವರೂ ಹೊದಿಕೆಯನ್ನು ಒತ್ತಿ ಹೇಳಿದ್ದಾರೆ, ಜನ ಡ್ರಮ್ ಮಾತ್ರ ನೆನಪಿಟ್ಟುಕೊಂಡರು. ಮರಗಳ ನಡುವೆ ಹುರುಳಿ, ಅಲಸಂದೆ ಬಿತ್ತಿ. ಮರಕ್ಕೆ ವರ್ಷಕ್ಕೆ 50 ಕೆಜಿ ಕೊಟ್ಟಿಗೆ ಗೊಬ್ಬರ ಕೊಡಿ. ಪೊಟ್ಯಾಷ್ ಕೊರತೆಯನ್ನು ಸೌದೆ ಬೂದಿಯಿಂದಲಾದರೂ ಪೊಟ್ಯಾಷ್ ಗೊಬ್ಬರದಿಂದಲಾದರೂ ತುಂಬಿ. ಇದು ನಿಮ್ಮ ಸಾವಯವ ನಿಷ್ಠೆಗೆ ಕಷ್ಟ ಎನಿಸಬಹುದು, ಆದರೆ ಮರ ಸೊರಗುವುದನ್ನು ನೋಡುತ್ತ ಕೂರುವುದು ಬೇಡ. ರಂಜಕ ಮಾತ್ರ ಮಣ್ಣು ಪರೀಕ್ಷೆ ನೋಡಿಯೇ ಕೊಡಿ. ಅದು ಹೆಚ್ಚಾದರೆ ಬೇರಿನೊಳಗೆ ನೆಲೆಸಿ ದೂರದ ರಂಜಕವನ್ನು ತಂದುಕೊಡುವ ಮೈಕೊರೈಜಾ ಶಿಲೀಂಧ್ರ ಕಡಿಮೆಯಾಗುತ್ತದೆ.

ಅಂಗಡಿಯಲ್ಲಿ ಸಿಗುವ ಜೈವಿಕ ಗೊಬ್ಬರದ ಪೊಟ್ಟಣದ ಬಗ್ಗೆಯೂ ಒಂದು ಮಾತು. ಪುಡಿಯ ಪೊಟ್ಟಣದಲ್ಲಿ ಗ್ರಾಂಗೆ 5 ಕೋಟಿ ಜೀವಕೋಶವಾದರೂ ಇರಬೇಕೆಂಬುದು ನಿಯಮ. ಅವಧಿ ಮುಗಿದ ದಿನಾಂಕ ನೋಡಿ. ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿಟ್ಟ ಪೊಟ್ಟಣ ಕೊಳ್ಳಬೇಡಿ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಸೂಕ್ಷ್ಮದರ್ಶಕ ಕೆಟ್ಟಿದೆ. ಅದಿಲ್ಲದೆ ಎಂಟು, ಒಂಬತ್ತನೇ ತರಗತಿ ಮಕ್ಕಳಿಗೆ ಗೊಬ್ಬರ ಮತ್ತು ಮಣ್ಣಿನ ಅಣುಜೀವಿಗಳ ಸಂಬಂಧ ತೋರಿಸಲು ಆಗುತ್ತದೆಯೇ?
– ವಿಜ್ಞಾನ ಶಿಕ್ಷಕರು, ಸಖರಾಯಪಟ್ಟಣ, ಕಡೂರು ತಾಲ್ಲೂಕು

ಚೆನ್ನಾಗಿ ಆಗುತ್ತದೆ ಮೇಷ್ಟ್ರೇ. ಈ ಪತ್ರ ಓದಿ ನನಗೆ ಉತ್ಸಾಹ ತಡೆಯಲಾಗಲಿಲ್ಲ.

ಶಾಲೆಯ ಕೈತೋಟದಲ್ಲಿ ಒಂದೇ ಅಳತೆಯ ಮೂರು ಮಡಿ ಮಾಡಿಸಿ. ಒಂದಕ್ಕೆ ಕಳಿತ ಕೊಟ್ಟಿಗೆ ಗೊಬ್ಬರ, ಒಂದಕ್ಕೆ ಯೂರಿಯಾ, ಒಂದಕ್ಕೆ ಏನೂ ಬೇಡ. ಮೂರರಲ್ಲೂ ಅಲಸಂದೆ ಬಿತ್ತಿಸಿ, ಅಕ್ಕಪಕ್ಕದಲ್ಲಿ ಬಟ್ಟೆ ಹೂಳಿಸಿ. ಬಟ್ಟೆ ಎಂದರೆ ಅಪ್ಪಟ ಹತ್ತಿಯದು, ಹಳೆಯ ಬಿಳಿ ಪಂಚೆಯ ತುಂಡಾದರೂ ಸರಿ, ಒಂದೊಂದು ಗೇಣು ಚೌಕ. ಪಾಲಿಯೆಸ್ಟರ್ ಬೆರೆತದ್ದು ಬೇಡ. ಹತ್ತಿ ಎಂದರೆ ಸೆಲ್ಯುಲೋಸ್, ಮಣ್ಣಿನ ಶಿಲೀಂಧ್ರ, ಬ್ಯಾಕ್ಟೀರಿಯಾಗಳಿಗೆ ಒಳ್ಳೆಯ ಊಟ. ಹೂಳುವ ಮುನ್ನ ತೂಕ ಬರೆದಿಡಲಿ. ನಾಲ್ಕು ಇಂಚು ಆಳ ಸಾಕು. ಮೂರಕ್ಕೂ ಒಂದೇ ಸಮ ನೀರು.

ಅಲಸಂದೆ ಹೂ ಬಿಡುವ ಹೊತ್ತಿಗೆ ಪ್ರತಿ ಮಡಿಯಿಂದ ಐದೈದು ಗಿಡಗಳನ್ನು ಮಣ್ಣು ಸಮೇತ ಅಗೆದು, ಬಕೆಟ್ ನೀರಿನಲ್ಲಿ ಅದ್ದಿ ಬೇರು ಬಿಡಿಸಲಿ. ಕೈಯಿಂದ ಕಿತ್ತರೆ ಗಂಟುಗಳು ಮಣ್ಣಿನಲ್ಲೇ ಉಳಿದುಬಿಡುತ್ತವೆ. ಗಂಟು ಎಣಿಸಲಿ, ಸೀಳಿ ಬಣ್ಣ ಬರೆದುಕೊಳ್ಳಲಿ. ಯೂರಿಯಾ ಮಡಿಯ ಗಿಡ ಎಲೆಯಲ್ಲಿ ಹಸಿರಾಗಿದ್ದು ಬೇರಿನಲ್ಲಿ ಗಂಟು ಕಡಿಮೆ ಇರುವ ಸಾಧ್ಯತೆ ಹೆಚ್ಚು. ಏಕೆ ಎಂದು ಮಕ್ಕಳೇ ಹೇಳಲಿ. ಇದೇ ಹೊತ್ತಿಗೆ ಒಂದೊಂದು ಮಡಿಯ ಒಣ ಹೆಂಟೆಯನ್ನು ಗಾಜಿನ ಲೋಟದ ನೀರಿಗೆ ಮೆಲ್ಲಗೆ ಬಿಡಿಸಿ. ಜೀವ ಚೆನ್ನಾಗಿರುವ ಮಣ್ಣಿನ ಹೆಂಟೆ ಬೇಗ ಒಡೆಯುವುದಿಲ್ಲ, ಶಿಲೀಂಧ್ರದ ಎಳೆಗಳೂ ಬ್ಯಾಕ್ಟೀರಿಯಾಗಳ ಅಂಟೂ ಅದನ್ನು ಹಿಡಿದಿಟ್ಟಿರುತ್ತವೆ. ಒಂದೇ ಹಂಗಾಮಿನಲ್ಲಿ ಮಡಿಗಳ ನಡುವೆ ಈ ವ್ಯತ್ಯಾಸ ಕಾಣದೆಯೂ ಇರಬಹುದು. ಹಾಗಾಗಿ ವರ್ಷಗಟ್ಟಲೆ ಉತ್ತ ಹೊಲದ ಒಂದು ಹೆಂಟೆ, ಹೊಂಗೆ ಮರದ ಬುಡದ ಒಂದು ಹೆಂಟೆ ತರಿಸಿ ಪಕ್ಕಪಕ್ಕದಲ್ಲಿ ಇಡಿಸಿ.

ಒಣಮಣ್ಣಿಗೆ ನೀರು ಚಿಮುಕಿಸಿ ಮೂಸಿ ನೋಡುವುದನ್ನೂ ಮರೆಯಬೇಡಿ. ಮೊದಲ ಮಳೆಯ ಆ ಪರಿಮಳಕ್ಕೆ ಮುಖ್ಯ ಕಾರಣ ಸ್ಟ್ರೆಪ್ಟೊಮೈಸಿಸ್ ಜಾತಿಯ ಬ್ಯಾಕ್ಟೀರಿಯಾಗಳು ತಯಾರಿಸುವ ಜಿಯೋಸ್ಮಿನ್. ಸ್ಟ್ರೆಪ್ಟೊಮೈಸಿನ್ ಔಷಧಿ ಸಿಕ್ಕಿದ್ದೂ ಇದೇ ಕುಲದಿಂದ, 1943ರಲ್ಲಿ.

ಬಟ್ಟೆಯನ್ನು ಆರೆಂಟು ವಾರಕ್ಕೆ ತೆಗೆಯಿರಿ. ತೊಳೆಯಬೇಡಿ, ನೆನೆದ ಬಟ್ಟೆ ಹರಿದು ಲೆಕ್ಕ ತಪ್ಪುತ್ತದೆ. ನೆರಳಲ್ಲಿ ಒಣಗಿಸಿ, ಮಣ್ಣು ಮೆಲ್ಲಗೆ ಒರೆಸಿ ತೆಗೆದು ತೂಗಿಸಿ, ಎಷ್ಟು ಪಾಲು ಕರಗಿತೆಂದು ಮಕ್ಕಳೇ ಲೆಕ್ಕ ಹಾಕಲಿ. ಕೈಕಾಲಿಗೆ ಗಾಯವಾದ ಮಕ್ಕಳನ್ನು ಅಗೆಯಲು ಬಿಡಬೇಡಿ, ಧನುರ್ವಾಯು ತರುವ ಬ್ಯಾಕ್ಟೀರಿಯಾವೂ ಮಣ್ಣಿನಲ್ಲೇ ಇರುತ್ತದೆ. ಕೆಲಸ ಮುಗಿದ ಮೇಲೆ ಎಲ್ಲರೂ ಸೋಪು ಹಾಕಿ ಕೈ ತೊಳೆಯಲಿ. ಮಕ್ಕಳು ಬರೆದಿಟ್ಟ ಅಂಕಿಗಳನ್ನು ಈ ಅಂಕಣಕ್ಕೆ ಕಳಿಸಿಕೊಡಿ, ಶಾಲೆಯ ಹೆಸರು ಹಾಕಿ ಪ್ರಕಟಿಸಲು ಸಂಪಾದಕರನ್ನು ಕೇಳಿಕೊಳ್ಳುತ್ತೇನೆ.